ಹತ್ತಕ್ಕೆ ನಿಲ್ಲುವ ಕೈ

ಬೆಳಿಗ್ಗೆ ಎದ್ದು ಡಿಕಾಕ್ಷನ್ ಇಳಿಸಿದೆ. ನೆನೆಹಾಕಿದ್ದ ಉದ್ದಿನಬೇಳೆ ರುಬ್ಬಿದೆ. ಇಂದು ಸಂಜೆಯಿಂದ ವಿಪರೀತ ಚಳಿ ಎಂದು ಟಿವಿಯಲ್ಲಿ ಹೇಳಿದ್ದರಿಂದ ಕರಿಬೇವಿನ ಕುಂಡವನ್ನು ಗರಾಜಿನೊಳಕ್ಕೆ ಎಳೆದಿಟ್ಟೆ. ಯಜಮಾನರ ನೀಲಿ ಶರ್ಟಿಗೆ ಗುಂಡಿ ಹೊಲಿದು, ಅವರನ್ನು ಏರ್‌ಪೋರ್ಟಿಗೆ ಬಿಟ್ಟು ಬಂದೆ. ಫ್ಲವರ್ ಮೌಂಡ್‌ನಲ್ಲಿ ಮನೆ ಮಾಡಿದ ಮೇಲೆ, ಏರ್‌ಪೋರ್ಟ್ ಹತ್ತಿರವಾದ್ದರಿಂದ, ಇದೂ ಹಾಲು ತಂದಷ್ಟೇ ಸಲೀಸು. ಡಿಶ್‌ವಾಶರ್ ಖಾಲಿ ಮಾಡಿದೆ. ದೇವರ ದೀಪದ ಜಿಡ್ಡು ಉಜ್ಜಿದೆ. ಇಷ್ಟರ ನಡುವೆ ನಾಲ್ಕು ಸಲ ಕಿಟಕಿಯ ಹತ್ತಿರ ಹೋಗಿ ಬಂದೆ, ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ. ಹನ್ನೊಂದರ ಹೊತ್ತಿಗೆ ಆಸ್ಟಿನ್‌ನಿಂದ ಮಗಳು ಫೋನ್ ಮಾಡಿದಳು. ಅವಳು ಮತ್ತೆ ಅಪಾರ್ಟ್‌ಮೆಂಟ್ ಬದಲಿಸುತ್ತಿದ್ದಾಳೆ, ಎರಡು ವರ್ಷದಲ್ಲಿ ಮೂರನೆಯದು. ಗಾಜಿನ ಭರಣಿಗಳನ್ನು ಹೇಗೆ ಕಟ್ಟುವುದು ಎಂದು ಕೇಳಿದಳು.

"ಅಜ್ಜಿ ಹೌ ಡಿಡ್ ಶಿ ಮ್ಯಾನೇಜ್, ಅಮ್ಮಾ? ಯು ಗೈಸ್ ಮೂವ್ಡ್ ಲೈಕ್ ಎವ್ರಿ ಇಯರ್."

"ನಿಮ್ಮಜ್ಜಿ ಅರ್ಧ ಡಬ್ಬ ಬಿಚ್ತಾನೇ ಇರ್ಲಿಲ್ಲ ಕಣೆ," ಎಂದೆ.

ಅದು ನಿಜ. ನನ್ನ ಅಪ್ಪ ಸೇತುವೆಗಳ ಎಂಜಿನಿಯರು. ಸೇತುವೆ ಎಲ್ಲಿ ಏಳುತ್ತದೋ ಅಲ್ಲಿ ನಮ್ಮ ಸಂಸಾರ. ಡಲ್ಲಾಸಿನಲ್ಲಿ ಎರಡು ವರ್ಷ, ಆಸ್ಟಿನ್‌ನಲ್ಲಿ ಒಂದೂವರೆ, ಆಮೇಲೆ ಹ್ಯೂಸ್ಟನ್. ಒಂದು ಶಾಲೆಯಲ್ಲಿ ನನ್ನ ಹೆಸರನ್ನು ಸರಿಯಾಗಿ ಕರೆಯುವುದನ್ನು ಟೀಚರು ಕಲಿಯುವಷ್ಟರಲ್ಲಿ ಇನ್ನೊಂದು ಶಾಲೆ ಬರುತ್ತಿತ್ತು. ಅಮ್ಮ ಮೈಸೂರಿನವಳು, ಮಾತು ಕಡಿಮೆ. ಅಪ್ಪ ಧಾರವಾಡದವರು, ಒಬ್ಬರೇ ಇದ್ದರೂ ಮನೆ ತುಂಬ ಜನ ಇದ್ದಂತೆ ಅನ್ನಿಸುತ್ತಿತ್ತು. ಹೊಸ ಮನೆಗೆ ಬಂದಾಗಲೆಲ್ಲ ಅಮ್ಮ ಅಡುಗೆಯ ಡಬ್ಬಗಳನ್ನು ಮಾತ್ರ ಬಿಚ್ಚಿ, ಉಳಿದವನ್ನು ಗೋಡೆಗೆ ಒಟ್ಟಿ, ಮೇಲೊಂದು ಹಳೇ ಸೀರೆ ಹೊದಿಸುತ್ತಿದ್ದಳು. ನಮ್ಮ ಟಿವಿ ಕೂತದ್ದು ಡಬ್ಬಗಳ ಮೇಲೆ, ನಾನು ಹೋಮ್‌ವರ್ಕ್ ಬರೆದದ್ದೂ ಡಬ್ಬದ ಮೇಲೆ. ಯಾರಾದರೂ ಊಟಕ್ಕೆ ಬಂದರೆ ಅಪ್ಪ ಸೀರೆಯ ಮಡಿಕೆಯನ್ನು ಸರಿಮಾಡಿ, "ಫರ್ನಿಚರ್ ಮೈಸೂರಿಂದ ತರಿಸೇವಿ," ಎನ್ನುತ್ತಿದ್ದರು. ಅಮ್ಮ ನಗುತ್ತಿರಲಿಲ್ಲ.

ಹ್ಯೂಸ್ಟನ್‌ನಲ್ಲಿ ನಾವಿದ್ದದ್ದು ಹಿಲ್‌ಕ್ರಾಫ್ಟ್ ಬೀದಿಯ ಸೀರೆ ಅಂಗಡಿಗಳಿಗೆ ನಡೆದುಹೋಗುವಷ್ಟು ದೂರದಲ್ಲಿ, ಒಂದೇ ಸೂರಿನ ಕೆಳಗೆ ಎರಡು ಬಾಡಿಗೆ ಮನೆಗಳಿದ್ದ ಹಳೆಯ ಕಟ್ಟಡದಲ್ಲಿ. ನೆಲದಿಂದ ಮೊಳದೆತ್ತರ ಇಟ್ಟಿಗೆಯ ಕಾಲುಗಳ ಮೇಲೆ ಕೂತ ಮರದ ಮನೆ ಅದು. ಎರಡೂ ಮನೆಗಳ ಕೆಳಗೆ ಹಾದುಹೋದ ತೊಲೆಗಳು ಒಂದೇ. ಹಾಗಾಗಿ ಆ ಮನೆಯಲ್ಲಿ ಕಾಲಿಟ್ಟರೆ ಈ ಮನೆಯಲ್ಲಿ ಸದ್ದು. ನಾವು ಬಂದ ಮೂರನೇ ಸಂಜೆ, ಅಮ್ಮ ಒಗ್ಗರಣೆಗೆ ಸಾಸಿವೆ ಹಾಕುತ್ತಿದ್ದಾಗ, ಕಪಾಟಿನ ಸ್ಟೀಲ್ ಲೋಟಗಳೆಲ್ಲ ಒಟ್ಟಿಗೆ ಗುನುಗತೊಡಗಿದವು. ಆಮೇಲೆ ನೆಲ ನಡುಗಿತು. ಆಮೇಲೆ ಸದ್ದು.

"ಏನಿದು, ಬಾಜೂ ಮನಿಯೊಳಗ ಕುದುರಿ ಕಟ್ಟ್ಯಾರೇನು? ತಡಿ, ಹೇಳಿ ಬರ್ತೇನಿ," ಎಂದು ಅಪ್ಪ ಚಪ್ಪಲಿ ಮೆಟ್ಟಿ ಹೋದರು.

ಹೋದವರು ಅರ್ಧ ಗಂಟೆ ಬರಲಿಲ್ಲ. ಬಂದಾಗ ಕೈಯಲ್ಲಿ ಒಂದು ಮಣ್ಣಿನ ಬಟ್ಟಲಿತ್ತು. ಪಾಲಕ್ ಸೊಪ್ಪು, ಕಾಬೂಲಿ ಕಡಲೆ, ಬೆಳ್ಳುಳ್ಳಿ, ಜೀರಿಗೆ ಎಲ್ಲವೂ ಎಣ್ಣೆಯಲ್ಲಿ ಬೆಂದು ಹದವಾಗಿ ಕೂಡಿದ್ದವು.

"ನೀವು ಜಗಳಕ್ಕೆ ಹೋಗಿದ್ರೋ ಊಟಕ್ಕೋ?" ಎಂದಳು ಅಮ್ಮ.

"ಜಗಳಕ್ಕ. ಆಕಿ ಬಾಗ್ಲಾ ತಗದಾಕಿನ ಬಟ್ಟಲಾ ಕೈಗೆ ಕೊಟ್ಲು. ಬಟ್ಟಲಾ ಹಿಡಕೊಂಡು ಹ್ಯಾಂಗ ಜಗಳಾ ಮಾಡೂದು, ನೀನ ಹೇಳು. ಸ್ಪೇನ್‌ದಾಕಿ. ಕುಣಿತಾ ಕಲಸ್ತಾಳ."

ಅವರ ಹೆಸರು ರೆಮೆದಿಯೋಸ್. ಎಲ್ಲರಿಗೂ ರೆಮೆ, ನನಗೆ ರೆಮೆ ಆಂಟಿ. ನಾವು ಭೂಪಟದಲ್ಲಿ ಸೆವಿಲ್ ಎಂದು ಓದುವ ಊರನ್ನು ಅವರು ಸೆವಿಯಾ ಎನ್ನುತ್ತಿದ್ದರು. ಎಣ್ಣೆ ಕಂಪನಿಯಲ್ಲಿದ್ದ ಗಂಡನ ಜೊತೆ ಟೆಕ್ಸಸ್‌ಗೆ ಬಂದವರು, ಗಂಡ ತೀರಿಕೊಂಡ ಮೇಲೆ ಇಲ್ಲೇ ಉಳಿದಿದ್ದರು. ಮುಂದಿನ ಕೋಣೆಯ ಕಾರ್ಪೆಟ್ ಕಿತ್ತುಹಾಕಿ, ಒಂದು ಗೋಡೆಗೆ ಕನ್ನಡಿ ನಿಲ್ಲಿಸಿ, ತಮ್ಮ ಊರಿನ ಫ್ಲಮೆಂಕೊ ಕುಣಿತವನ್ನು ಏಳೆಂಟು ಹೆಂಗಸರಿಗೆ ಹೇಳಿಕೊಡುತ್ತಿದ್ದರು. ಕುಳ್ಳಗೆ, ದಪ್ಪಗೆ ಇದ್ದರು. ತಿರುಗುವಾಗ ಮಾತ್ರ ಅವರ ತೂಕ ಎಲ್ಲಿ ಹೋಗುತ್ತಿತ್ತೋ ತಿಳಿಯದು.

ಒಂದು ವಾರ ಅಮ್ಮ ಆ ಸದ್ದನ್ನು ಸಹಿಸಿಕೊಂಡಳು. ಎರಡನೇ ವಾರ ಹುರುಳಿಕಾಯಿ ಹೆಚ್ಚುತ್ತಿದ್ದವಳು ಇದ್ದಕ್ಕಿದ್ದಂತೆ ಚಾಕು ಎತ್ತಿ ಹಿಡಿದು ನಿಂತಳು.

"ಮಾಲೂ, ಟಿವಿ ಆರ್ಸು. ಹನ್ನೆರಡು ಬರ್ತಿದೆ."

"ಗಂಟೆನಾ?"

"ಎಣಿಕೆ. ಕೇಳಿಲ್ಲಿ. ತಕಿಟ ತಕಿಟ ತಕ ತಕ ತಕ. ಮೂರು, ಮೂರು, ಎರಡು, ಎರಡು, ಎರಡು." ಅವಳು ಚಾಕುವಿನ ಹಿಡಿಯಿಂದ ಕಟ್ಟೆಯ ಮೇಲೆ ತಟ್ಟಿ ತೋರಿಸಿದಳು. ಗೋಡೆಯಾಚೆಯ ಕಾಲು, ಈಚೆಯ ಚಾಕು ಎರಡೂ ಸೇರಿ ಒಂದೇ ಆದವು. ಅಮ್ಮನ ಮುಖದಲ್ಲಿ ಆಗ ಕಂಡದ್ದನ್ನು ಅದಕ್ಕೂ ಮುಂಚೆ ನಾನು ಕಂಡಿರಲಿಲ್ಲ. ಹೆದರಿಕೆಯೂ ಆಯಿತು.

ಮಾರನೇ ದಿನ ರೆಮೆ ಆಂಟಿ ನಮ್ಮ ಬಾಗಿಲು ತಟ್ಟಿದರು. ಅವರಿಬ್ಬರೂ ಆಡಿದ್ದು ಅವರವರ ಇಂಗ್ಲಿಷು. ನಾನು ಕನ್ನಡದಲ್ಲೇ ಬರೆಯುತ್ತೇನೆ.

"ನಿನ್ನೆ ಗೋಡೆ ಆ ಕಡೆಯಿಂದ ನನಗೆ ತಾಳ ಕೊಟ್ಟವರು ಯಾರು?"

ಅಮ್ಮ ತಪ್ಪು ಮಾಡಿದವಳಂತೆ ನನ್ನ ಕಡೆ ನೋಡಿದಳು. ನಾನು ಅವಳ ಕಡೆ ಬೆರಳು ತೋರಿಸಿದೆ.

ಅವರ ಕುಣಿತಕ್ಕೆ ಕಾಲು ಎಷ್ಟು ಮುಖ್ಯವೋ ಚಪ್ಪಾಳೆಯೂ ಅಷ್ಟೇ ಮುಖ್ಯವಂತೆ. ಚಪ್ಪಾಳೆಯವರೂ ಕಲಾವಿದರೇ, ವೇದಿಕೆಯ ಮೇಲೆ ಅರ್ಧವೃತ್ತವಾಗಿ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ರೆಮೆ ಆಂಟಿಯ ಚಪ್ಪಾಳೆಯವಳು ಮದುವೆಯಾಗಿ ನ್ಯೂ ಮೆಕ್ಸಿಕೋಗೆ ಹೋಗಿಬಿಟ್ಟಿದ್ದಳು. ವಸಂತದಲ್ಲಿ ಅವರ ಶಿಷ್ಯೆಯರ ಕಾರ್ಯಕ್ರಮ. ಸೆವಿಯಾದಲ್ಲಿ ಆ ಹೊತ್ತಿಗೆ ಊರಾಚೆಯ ಬಯಲಿನಲ್ಲಿ ಬಟ್ಟೆಯ ಡೇರೆಗಳು ಏಳುತ್ತವೆ, ವಾರವಿಡೀ ಊರಿಗೆ ಊರೇ ಕುಣಿಯುತ್ತದೆ. ಅದರ ನೆನಪಿಗೆ ಇಲ್ಲೊಂದು ಮಧ್ಯಾಹ್ನ. "ನೀನು ಬಂದು ಕೂರುತ್ತೀಯಾ?" ಎಂದು ಅವರು ಕೇಳಿದರು. ಅಮ್ಮ ಅನ್ನ ಇಳಿಸಬೇಕು ಎಂದು ಒಳಗೆ ಹೋದಳು. ಅನ್ನ ಆಗಿ ಗಂಟೆಯಾಗಿತ್ತು. ಎರಡು ನಿಮಿಷದಲ್ಲಿ ಹೊರಗೆ ಬಂದು, "ಬರ್ತೀನಿ," ಎಂದಳು.

ಅಲ್ಲಿಂದ ಮುಂದಿನ ಎರಡು ತಿಂಗಳು ನಮ್ಮ ಮನೆಯಲ್ಲಿ ಯಾವ ವಸ್ತುವೂ ಸುಮ್ಮನಿರಲಿಲ್ಲ. ಅಮ್ಮ ಲಟ್ಟಣಿಗೆಯಲ್ಲಿ ಮಣೆ ತಟ್ಟುವಳು, ಕುಕ್ಕರ್ ಕೂಗಿದರೆ ಅದನ್ನೂ ಎಣಿಕೆಯೊಳಕ್ಕೆ ತರುವಳು. ರೆಮೆ ಆಂಟಿ ಅವಳಿಗೆ ಎರಡು ಬಗೆಯ ಚಪ್ಪಾಳೆ ಕಲಿಸಿದರು. ನಾಲ್ಕು ಬೆರಳು ಅಂಗೈಗೆ ಹೊಡೆದರೆ ಖಣಖಣ. ಎರಡೂ ಅಂಗೈಯನ್ನು ಬೋಗುಣಿಯಂತೆ ಮಡಿಸಿ ತಟ್ಟಿದರೆ ಮಂದ, ಬಾಗಿಲ ಮರೆಯಲ್ಲಿ ಯಾರೋ ತಟ್ಟಿದಂತೆ. ಹಾಡುವಾಗ ಮಂದ, ಕಾಲಿನ ಕೆಲಸ ಶುರುವಾದಾಗ ಖಣಖಣ. ಬಿಡುವಿನಲ್ಲಿ ಆಂಟಿ ತಮ್ಮ ಮನೆಯ ಕಥೆ ಹೇಳುತ್ತಿದ್ದರು. ಸೆವಿಯಾದ ಹೊಳೆಯಾಚೆ ತ್ರಿಯಾನಾ ಎಂಬ ಪೇಟೆ. ಅಲ್ಲಿ ಹದಿನೆಂಟು ಸಂಸಾರಗಳಿಗೆ ಒಂದು ಅಂಗಳ, ಒಂದು ಬಾವಿ, ಒಂದು ಬಟ್ಟೆ ಒಗೆಯುವ ಕಲ್ಲು. ಯಾರದ್ದಾದರೂ ಮಗುವಿಗೆ ಹೆಸರಿಟ್ಟರೆ ಅಂಗಳದಲ್ಲಿ ಕುರ್ಚಿಗಳು ಬೀಳುತ್ತಿದ್ದವು. ಕುಣಿತವನ್ನು ಯಾರೂ ಯಾರಿಗೂ ಕಲಿಸುತ್ತಿರಲಿಲ್ಲ, ನೀರು ಸೇದುವುದನ್ನು ಕಲಿತಂತೆ ಕಲಿಯುತ್ತಿದ್ದರು.

"ಇದು ನಮ್ಮ ವಠಾರ ಕಣೆ," ಎಂದು ಅಮ್ಮ ನನ್ನ ಕಿವಿಯಲ್ಲಿ ಹೇಳಿದಳು.

ಆಂಟಿ ಹುಡುಗಿಯಾಗಿದ್ದಾಗ ಆ ಅಂಗಳದವರನ್ನೆಲ್ಲ ಒಕ್ಕಲೆಬ್ಬಿಸಿ ಊರಂಚಿನ ಹೊಸ ಫ್ಲಾಟುಗಳಿಗೆ ಸಾಗಿಸಿದರಂತೆ. ನಾಲ್ಕನೇ ಮಹಡಿ. ಕುಣಿದರೆ ಕೆಳಗಿನವಳು ಪೊರಕೆಯ ಹಿಡಿಯಿಂದ ಚಾವಣಿ ಕುಟ್ಟುತ್ತಿದ್ದಳು.

"ನನ್ನಮ್ಮ ಏನು ಮಾಡುತ್ತಿದ್ದಳು ಗೊತ್ತಾ? ಆ ಕುಟ್ಟಿಗೆ ಸರಿಯಾಗಿ ಕುಣಿಯುತ್ತಿದ್ದಳು. ಅದಕ್ಕೇ ನಿನ್ನ ಗಂಡ ಬಂದಾಗ ನನಗೆ ಸಂತೋಷವಾಯಿತು. ಮನೆಗೆ ಬಂದ ಹಾಗಾಯಿತು."

ಎಲ್ಲವೂ ಸರಿಯಿತ್ತು, ಒಂದನ್ನು ಬಿಟ್ಟು. ಕೊನೆಯ ಕುಣಿತ ಬುಲೆರಿಯಾ, ಹನ್ನೆರಡು ಎಣಿಕೆಯ ಓಟದ ಸುತ್ತು. ಆಂಟಿ ಅದನ್ನು ಎಣಿಸುತ್ತಿದ್ದದ್ದೇ ಹನ್ನೆರಡರಿಂದ: ಹನ್ನೆರಡು, ಒಂದು, ಎರಡು. "ಗಡಿಯಾರ ನೋಡಿ ಎಣಿಸೋದು ಕಲ್ತಿರ್ಬೇಕು," ಎಂದು ಅಮ್ಮ ನಗುತ್ತಿದ್ದಳು. ಆದರೆ ಅದು ಮುಗಿಯುತ್ತಿದ್ದದ್ದು ಹತ್ತರಲ್ಲಿ. ಕಾಲು ಹತ್ತಕ್ಕೆ ಬಿತ್ತೆಂದರೆ ಮುಗಿಯಿತು; ಕೈ, ಗಿಟಾರು, ಉಸಿರು ಎಲ್ಲ ನಿಲ್ಲಬೇಕು. ಅಮ್ಮನಿಗೆ ಅದು ಆಗುತ್ತಿರಲಿಲ್ಲ. ಹತ್ತಕ್ಕೆ ಎಲ್ಲರೂ ನಿಂತ ಮೇಲೆ, ಹನ್ನೊಂದನ್ನು ಖಾಲಿ ಬಿಟ್ಟು, ಅವಳ ಕೈ ತಾನಾಗಿ ಇನ್ನೊಂದು ತಟ್ಟುತ್ತಿತ್ತು. ಟಪ್. ನಮ್ಮಲ್ಲಿ ಎಂಥ ಮುಕ್ತಾಯವೂ ಸುತ್ತು ಪೂರೈಸಿ, ಶುರುವಾದ ಪೆಟ್ಟಿಗೇ ಬಂದು ಕೂರಬೇಕು, ಅದೇ ಸಮ. ಅಲ್ಲಿಗೆ ಬಾರದೆ ನಿಂತದ್ದು ಅವಳಿಗೆ ಮುಗಿದದ್ದಲ್ಲ.

"ಪದ್ಮಾ, ಹತ್ತು," ಎನ್ನುತ್ತಿದ್ದರು ಆಂಟಿ ಅಮ್ಮನಿಗೆ.

"ಗೊತ್ತು. ಆದ್ರೆ ಇನ್ನೂ ಮುಗಿದಿಲ್ಲ."

"ಮುಗಿಯಿತು. ನಾನು ನಿಂತಿದ್ದೇನೆ, ನೋಡು."

"ನೀನು ನಿಂತಿದ್ದೀಯ. ಅದು ನಿಂತಿಲ್ಲ."

ಆಂಟಿಗೆ ಒಮ್ಮೆ ಸಿಟ್ಟೂ ಬಂತು. ಹೀಗಾದರೆ ಆ ಕುರ್ಚಿಗೆ ಬೇರೆಯವರನ್ನು ನೋಡಬೇಕಾಗುತ್ತದೆ ಎಂದು ಶಿಷ್ಯೆಯರ ಎದುರೇ ಅಂದುಬಿಟ್ಟರು. ಅಮ್ಮ ಮನೆಗೆ ಬಂದು ಬಚ್ಚಲಿನ ಬಾಗಿಲು ಹಾಕಿಕೊಂಡಳು, ನಲ್ಲಿ ಬಹಳ ಹೊತ್ತು ಹರಿಯಿತು. ಹೊರಗೆ ಬಂದವಳು ನನಗೊಂದು ಕೆಲಸ ಕೊಟ್ಟಳು. ಅಭ್ಯಾಸದ ಹೊತ್ತಿಗೆ ಅವಳ ಕುರ್ಚಿಯ ಹಿಂದೆ ನೆಲದಲ್ಲಿ ಕೂತು, ಸೆರಗಿನ ತುದಿ ಹಿಡಿದುಕೊಂಡು, ಸರಿಯಾಗಿ ಹತ್ತಕ್ಕೆ ಎಳೆಯಬೇಕು. ಎಳೆದರೆ ಕೈ ನಿಲ್ಲುತ್ತದೆ. ಹತ್ತು ವರ್ಷದ ನಾನು ಕುಣಿತ ನೋಡಲಿಲ್ಲ, ಹಾಡು ಕೇಳಲಿಲ್ಲ, ಎಣಿಸಿದೆ ಅಷ್ಟೇ. ಶಾಲೆಯಲ್ಲಿ, ಬಸ್ಸಿನಲ್ಲಿ, ಸ್ನಾನ ಮಾಡುವಾಗ ಎಣಿಸಿದೆ. ಯಾವುದು ಎಲ್ಲಿ ನಿಂತುಬಿಡುತ್ತದೋ ಎಂದು ಮೊದಲೇ ಕಾಯುತ್ತ ಕೂರುವ ನನ್ನ ಸ್ವಭಾವ ಆ ನೆಲದ ಮೇಲೆ ಶುರುವಾದದ್ದು ಎಂದು ಈಗ ಅನ್ನಿಸುತ್ತದೆ. ಮದುವೆಯ ಮನೆಯಲ್ಲಿ ಊಟದ ನಡುವೆಯೇ ಚಪ್ಪಲಿ ಎಲ್ಲಿಟ್ಟೆ ಎಂದು ಯೋಚಿಸುವವಳು ನಾನು.

ಕಾರ್ಯಕ್ರಮಕ್ಕೆ ಹತ್ತು ದಿನವಿದ್ದಾಗ ಅಪ್ಪ ಜೋಳದ ರೊಟ್ಟಿ ಮುರಿಯುತ್ತ ಹೇಳಿದರು:

"ಡಲ್ಲಾಸ್‌ಗೆ ಮತ್ತ ಕರದಾರ. ಸೋಮವಾರ ಅಲ್ಲೆ ಇರಬೇಕು. ರವಿವಾರ ಮುಂಜಾನಿಗೆ ಟ್ರಕ್ ಹೇಳೇನಿ."

"ಯಾವ ಭಾನುವಾರ?" ಅಮ್ಮನ ಕೈಯಲ್ಲಿ ಪಲ್ಯದ ಸೌಟಿತ್ತು.

"ಬರೂದಲ್ಲ, ಅದರ ಮುಂದಿಂದು."

"ಅವತ್ತು ನಾನು ಕೂತ್ಕೋಬೇಕು."

"ಎಲ್ಲೆ ಕೂಡ್ತಿ?"

"ಸ್ಟೇಜಿನ ಮೇಲೆ."

"ಕುಣೀತೀ ಏನು?"

"ಇಲ್ಲ. ಕೂತ್ಕೋತೀನಿ."

ಅಪ್ಪ ನಕ್ಕರು. "ಕೂಡೂದಷ್ಟ? ಅದಕ್ಕ ಒಂದಿಡೀ ಟ್ರಕ್ ನಿಲ್ಲಸಬೇಕೇನು? ಡಲ್ಲಾಸ್‌ನಾಗ ಕುರ್ಚಿ ಸಿಗೂದಿಲ್ಲೇನು?"

ಅಮ್ಮ ಸೌಟನ್ನು ಕೆಳಗಿಟ್ಟಳು. ಆಮೇಲೆ ಅವಳು ಹೇಳಿದ್ದು ಅಪ್ಪನಿಗೂ ಹೊಸದು ಎಂದು ಅವರ ಮುಖ ನೋಡಿ ತಿಳಿಯಿತು. ಮೈಸೂರಿನಲ್ಲಿ ಅವಳು ಹದಿನಾಲ್ಕನೇ ವಯಸ್ಸಿನಿಂದ ಮದುವೆಯವರೆಗೆ ಒಬ್ಬ ಭರತನಾಟ್ಯದ ಮೇಡಂ ಮನೆಯಲ್ಲಿ ದಿನವೂ ಕಂಚಿನ ತಾಳ ಹಿಡಿದು ಕೂತು, ಕುಣಿಯುವ ಹುಡುಗಿಯರಿಗೆ ಜತಿ ಹೇಳುತ್ತಿದ್ದಳಂತೆ. ಎಷ್ಟೋ ಹುಡುಗಿಯರು ಅವಳ ತಾಳಕ್ಕೇ ಪಳಗಿದವರು. ಕಾರ್ಯಕ್ರಮದ ದಿನ ಮಾತ್ರ ಮೇಡಂ ಅವರ ತಮ್ಮ ಬಂದು ಆ ಜಾಗದಲ್ಲಿ ಕೂರುತ್ತಿದ್ದನು. ಅಮ್ಮ ಹಿಂದಿನ ಕೋಣೆಯಲ್ಲಿ ಹುಡುಗಿಯರ ಗೆಜ್ಜೆ ಕಟ್ಟುತ್ತಿದ್ದಳು.

"ಒಂದು ಸಲ," ಎಂದಳು. "ಒಂದು ಸಲ ಕೂತು ಎದ್ದು ಬರ್ತೀನಿ. ಆಮೇಲೆ ನೀವು ಎಲ್ಲಿಗೆ ಕರೆದ್ರೂ ಬರ್ತೀನಿ."

ಅಪ್ಪ ಬಹಳ ಹೊತ್ತು ರೊಟ್ಟಿಯ ಅದೇ ಚೂರನ್ನು ತಿರುಗಿಸುತ್ತ ಕೂತರು.

"ಆತು ಬಿಡು," ಎಂದರು ಕೊನೆಗೆ. "ಶನಿವಾರನ ಸಾಮಾನು ತುಂಬೂಣು. ಮುಗಿದ ಕೂಡ್ಲೆ ಅಲ್ಲಿಂದನ ಹೊರಡೂದು. ಮತ್ತ ಆಕಿ ಮನ್ಯಾಗ ಊಟಾ, ಈಕಿ ಮನ್ಯಾಗ ಕಾಫಿ ಅನಬ್ಯಾಡ."

ಉಳಿದ ದಿನಗಳೆಲ್ಲ ಓಡಿದವು. ಅಮ್ಮ ಹಗಲು ಡಬ್ಬ ಕಟ್ಟಿದಳು, ಸಂಜೆ ಚಪ್ಪಾಳೆ ತಟ್ಟಿದಳು. ಮುನ್ನಾದಿನದ ಅಭ್ಯಾಸದಲ್ಲಿ ರೆಮೆ ಆಂಟಿ ನನ್ನ ಕೈಯಿಂದ ಸೆರಗು ಬಿಡಿಸಿದರು. ವೇದಿಕೆಯ ಮೇಲೆ ಕುರ್ಚಿಯ ಹಿಂದೆ ಮಗು ಕೂರುವಂತಿಲ್ಲ, ಈಗಲೇ ಅಭ್ಯಾಸವಾಗಲಿ ಎಂದರು. ಐದು ಸಲ ಮಾಡಿದರು. ಅಮ್ಮನ ಕೈ ಮೂರು ಸಲ ನಿಂತಿತು, ಎರಡು ಸಲ ನಿಲ್ಲಲಿಲ್ಲ. ಆಂಟಿ ಅವಳ ಎರಡೂ ಕೈಯನ್ನು ಹಿಡಿದು, ತಮ್ಮ ಕೆನ್ನೆಗೆ ಒತ್ತಿಕೊಂಡು, ದೀಪ ಆರಿಸಿದರು.

ಭಾನುವಾರ ಮಧ್ಯಾಹ್ನ. ಬಾಡಿಗೆಗೆ ಹಿಡಿದ ಒಂದು ಸಭಾಂಗಣ, ಮಡಿಸುವ ಕುರ್ಚಿಗಳು. ನಮ್ಮ ಕನ್ನಡದವರಲ್ಲಿ ಅಮ್ಮ ಸುಧಾ ಆಂಟಿ ಒಬ್ಬರಿಗೆ ಮಾತ್ರ ಹೇಳಿದ್ದಳು. ಸುಧಾ ಆಂಟಿಗೆ ಹೇಳಿದರೆ ಊರಿಗೆ ಹೇಳಿದಂತೆ. ಪೇರ್‌ಲ್ಯಾಂಡಿನ ದೇವಸ್ಥಾನಕ್ಕೆ ಹೋದವರು ಅಲ್ಲಿಂದ ನೇರ ಬಂದಿದ್ದರು. ಹನ್ನೊಂದು ಜನ ಕನ್ನಡದವರು, ಎರಡನೇ ಸಾಲಿನ ತುಂಬ, ಹಣೆಯ ಮೇಲೆ ಕುಂಕುಮ, ಕೈಯಲ್ಲಿ ಪುಳಿಯೋಗರೆಯ ಪೊಟ್ಟಣ. ಸುಧಾ ಆಂಟಿಯ ಗಂಡ ಮೂರ್ತಿ ಅಂಕಲ್ ಹೃದಯದ ಡಾಕ್ಟರು, ಪ್ರತಿ ಕಚೇರಿಯಲ್ಲೂ ತೊಡೆ ತಟ್ಟಿ ತಾಳ ಹಾಕುವವರು. ಅಪ್ಪ ಇರಲಿಲ್ಲ. ತುಂಬಿದ ಟ್ರಕ್ಕಿಗೆ ಜಾಗ ಹುಡುಕುತ್ತ ಬೀದಿ ಸುತ್ತುತ್ತಿದ್ದರು. ನಾನು ಕುರ್ಚಿಯ ತುದಿಯಲ್ಲಿ ಕೂತು ಬಾಗಿಲನ್ನೂ ವೇದಿಕೆಯನ್ನೂ ನೋಡಿ ನೋಡಿ ಕುತ್ತಿಗೆ ನೋಯಿಸಿಕೊಂಡೆ.

ಅಮ್ಮ ಅರ್ಧವೃತ್ತದ ಕೊನೆಯ ಕುರ್ಚಿಯಲ್ಲಿ ಕೂತಿದ್ದಳು. ಕಪ್ಪಂಚಿನ ಕೆಂಪು ಸೀರೆ. ಉಳಿದವರ ಝಾಲರಿ ಲಂಗಗಳ ನಡುವೆ ಅವಳ ನೆರಿಗೆ ಸಣ್ಣದಾಗಿ ಕಂಡಿತು. ಒಂದೊಂದೇ ಕುಣಿತ ಆಯಿತು. ಕೊನೆಗೆ ಎಲ್ಲರೂ ಕುರ್ಚಿ ಹತ್ತಿರ ಎಳೆದುಕೊಂಡರು, ಬುಲೆರಿಯಾ ಶುರುವಾಯಿತು. ಶಿಷ್ಯೆಯರು ಒಬ್ಬೊಬ್ಬರಾಗಿ ಎದ್ದು ಎರಡು ಸುತ್ತು ಕುಣಿದು ಕೂತರು. ಆಗ ಅಪ್ಪ ಒಳಗೆ ಬಂದರು, ಅಂಗಿ ಬೆವರಿ ಬೆನ್ನಿಗೆ ಅಂಟಿತ್ತು. ನನ್ನ ಪಕ್ಕ ಕೂತು, "ಎಲ್ಲೆ?" ಎಂದರು. ತೋರಿಸಿದೆ. ರೆಮೆ ಆಂಟಿ ಎದ್ದರು. ಪಕ್ಕದ ಸಾಲಿನಲ್ಲಿ ಮೂರ್ತಿ ಅಂಕಲ್ ಆಗಲೇ ಎಣಿಕೆ ಹಿಡಿದಿದ್ದರು. ಅವರಿಂದ ಸುಧಾ ಆಂಟಿಗೆ, ಅವರಿಂದ ಮುಂದಿನವರಿಗೆ ಹಬ್ಬಿ, ಇಡೀ ಸಾಲಿನ ಕೈಗಳು ತೊಡೆಯ ಮೇಲೆ ಆಡುತ್ತಿದ್ದವು. ನಾನು ಅತ್ತ ನೋಡಲಿಲ್ಲ. ಎಣಿಸುತ್ತಿದ್ದೆ. ಎಂಟು, ಒಂಬತ್ತು. ನನ್ನ ಬೆರಳು ಇಲ್ಲದ ಸೆರಗನ್ನು ಎಳೆಯಿತು. ಹತ್ತು. ಆಂಟಿಯ ಕಾಲು ಬಿತ್ತು, ಗಿಟಾರು ನಿಂತಿತು, ಅಮ್ಮನ ಎರಡು ಕೈಗಳು ಗಾಳಿಯಲ್ಲಿ ಗೇಣು ದೂರದಲ್ಲಿ ನಿಂತವು. ನಿಂತೇ ಇದ್ದವು.

ಹನ್ನೊಂದು ಖಾಲಿ ಹೋಯಿತು. ಹನ್ನೆರಡಕ್ಕೆ ಎರಡನೇ ಸಾಲಿನ ಹನ್ನೊಂದು ಜನರೂ ಒಟ್ಟಿಗೆ ತೊಡೆ ತಟ್ಟಿದರು. ನನ್ನ ಪಕ್ಕದಿಂದ ಎಲ್ಲರಿಗಿಂತ ಜೋರಾಗಿ ಇನ್ನೊಂದು ಕೈ ಬಿತ್ತು, ಜೊತೆಗೆ "ಹಾಂ" ಎಂಬ ಸದ್ದೂ ಬಂತು. ಧಾರವಾಡದಲ್ಲಿ ಸಮಕ್ಕೆ ಹಾಗೆ ಅನ್ನದಿದ್ದರೆ ಗಾಯಕನಿಗೆ ಅವಮಾನವಂತೆ.

ಸಭೆಯಲ್ಲಿ ಉಳಿದವರೆಲ್ಲ ತಿರುಗಿ ನೋಡಿದರು. ನನಗೆ ಕುರ್ಚಿಯ ಕೆಳಗೆ ಹೋಗಬೇಕೆನ್ನಿಸಿತು. ವೇದಿಕೆಯ ಮೇಲೆ ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು, ನಗುತ್ತಿದ್ದಳು. ರೆಮೆ ಆಂಟಿ ಮಾತ್ರ ಗಲ್ಲ ಎತ್ತಿ ಆ ಸಾಲನ್ನು ಒಮ್ಮೆ ನೋಡಿದರು. ಅವರ ಎಣಿಕೆ ಹನ್ನೆರಡರಿಂದಲೇ ಶುರುವಾಗುವುದಲ್ಲವೇ. ಯಾರೋ ಕರೆದಂತೆ ಆಯಿತು ಅವರಿಗೆ. ಲಂಗ ಎತ್ತಿ ಹಿಡಿದು, ಆ ಪೆಟ್ಟಿನ ಮೇಲೆಯೇ ಮತ್ತೊಂದು ಸುತ್ತಿಗೆ ಕಾಲಿಟ್ಟರು. ಗಿಟಾರಿನವನು ಗಡಬಡಿಸಿ ಹಿಂದೆ ಬಂದ. ಅಮ್ಮ ಗಡಬಡಿಸಲಿಲ್ಲ, ಅವಳ ಕೈಗಳು ಆಗಲೇ ಅಲ್ಲಿದ್ದವು. ಆ ಸುತ್ತಿನಲ್ಲಿ ಆಂಟಿ ಅರ್ಧವೃತ್ತಕ್ಕೆ ಬೆನ್ನು ಮಾಡದೆ, ಅಮ್ಮನ ಕುರ್ಚಿಯ ಎದುರಿಗೇ ನಿಂತು ಕುಣಿದರು, ಅವಳ ಅಂಗೈಗಳನ್ನೇ ನೋಡುತ್ತ. ಎರಡನೇ ಸಲ ಹತ್ತು ಬಂದಾಗ ಮೂರ್ತಿ ಅಂಕಲ್ ತಮ್ಮ ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದರು. ಅಮ್ಮ ನಿಲ್ಲಿಸಿದಳು. ಯಾರೂ ತಟ್ಟಲಿಲ್ಲ. ಆ ಹನ್ನೆರಡು ಹಾಗೇ ಹಾದುಹೋಯಿತು.

ಅಮ್ಮ ಮತ್ತೆ ಯಾವ ವೇದಿಕೆಯ ಮೇಲೂ ಕೂರಲಿಲ್ಲ. ಡಲ್ಲಾಸಿನಲ್ಲಿ ಪಕ್ಕದ ಮನೆಯವರು ಕಾರ್ಪೆಟ್ ಹಾಕಿಸಿದ್ದರು. ರೆಮೆ ಆಂಟಿ ವರ್ಷಕ್ಕೊಮ್ಮೆ ಫೋನ್ ಮಾಡುತ್ತಿದ್ದರು, ಆಮೇಲೆ ಅದೂ ತಪ್ಪಿತು. ಆದರೆ ಅವತ್ತು ನಮಗೆ ಅದೆಲ್ಲ ಗೊತ್ತಿರಲಿಲ್ಲ. ಟ್ರಕ್ಕಿನ ಮುಂದಿನ ಸೀಟಿನಲ್ಲಿ ಮೂವರೂ ಒತ್ತಿಕೊಂಡು ಕೂತಿದ್ದೆವು, ನಾನು ನಡುವೆ. ಹ್ಯೂಸ್ಟನ್ ಹಿಂದೆ ಬಿತ್ತು.

"ನೀವೇ ಅಲ್ವಾ ಮೊದ್ಲು ತಟ್ಟಿದ್ದು?" ಎಂದಳು ಅಮ್ಮ.

"ನಾ ಯಾಕ ತಟ್ಲಿ. ಆ ಡಾಕ್ಟರ್ ತಟ್ಯಾನ."

"ಹಾಂ ಅಂದಿದ್ದೂ ಡಾಕ್ಟರೇನಾ?"

ಅಪ್ಪ ಗೇರ್ ಬದಲಿಸಿದರು. ಅಮ್ಮ ಕಿಟಕಿಯ ಕಡೆ ತಿರುಗಿ ಕೇಳಿದಳು:

"ನಾನು ಕೊನೇಲಿ ಕೂತಿದ್ದೆ. ಅಲ್ಲಿಂದ ಕಾಣ್ತಿದ್ನಾ?"

"ಕಾಣಲಾರದ ಏನು," ಎಂದರು ಅಪ್ಪ, ರಸ್ತೆಯಿಂದ ಕಣ್ಣು ತೆಗೆಯದೆ. "ನಾ ಬ್ಯಾರೆ ಯಾರ್ನ ನೋಡಲಿಕ್ಕೆ ಬಂದಿದ್ದೆ?"

ದಾರಿಯಲ್ಲಿ ಒಂದು ಪೆಟ್ರೋಲ್ ಬಂಕಿನ ನೆರಳಿನಲ್ಲಿ ನಿಲ್ಲಿಸಿ ಶೇಂಗಾ ಚಟ್ನಿಪುಡಿ ಸವರಿದ ಚಪಾತಿ ಸುರುಳಿಗಳನ್ನು ತಿಂದೆವು, ತಲಾ ಮೂರರ ಲೆಕ್ಕ. ಅಮ್ಮ ಎರಡು ತಿಂದು ಒಂದನ್ನು ಅಪ್ಪನ ಕೈಗಿಟ್ಟಳು. ಸಾಲದೆ ಅಪ್ಪ ಆಲೂಗಡ್ಡೆ ಚಿಪ್ಸ್ ತಂದರು, ಅದನ್ನೂ ಮುಗಿಸಿದೆವು. ಮತ್ತೆ ಹೊರಟಾಗ ಬಿಸಿಲು ಇನ್ನೂ ಅಮ್ಮನ ತೊಡೆಯ ಮೇಲಿತ್ತು. ಮೊದಲು ನಿದ್ದೆ ಹೋದವಳು ಅವಳೇ; ಹತ್ತು ದಿನದ ನಿದ್ದೆ, ತಲೆ ಗಾಜಿಗೆ ತಾಕಿದರೂ ಎಚ್ಚರವಾಗಲಿಲ್ಲ. ಆಮೇಲೆ ನಾನು.